ಮೊದಲು ಹೊಳಿ, ಆಮೇಲೆ ಕಂಡಿಕಿ

ಎರಡು ನಾಟಕಗಳಲ್ಲಿ ಯಾವುದನ್ನು ಮೊದಲು ಆಡಬೇಕು ಎಂದು ತೀರ್ಮಾನಿಸಲು ನಮ್ಮ ಬಳಗಕ್ಕೆ ಮೂರು ವಾರ ಹಿಡಿಯಿತು. ಕೊನೆಗೆ ತೀರ್ಮಾನಿಸಿದವನು ನಾನೊಬ್ಬನೇ. ಹೇಗೆ ಎಂಬುದು ಐದಾರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

2003ರ ಮಾತು. ರಬಕವಿಯ ಓದುಗರ ಬಳಗದಲ್ಲಿ ನಾವು ಒಂಬತ್ತು ಮಂದಿ. ಆರು ಜನ ಪವರ್‌ಲೂಮ್ ಶೆಡ್‌ಗಳಲ್ಲಿ ಮಗ್ಗ ನಡೆಸುವವರು, ಇಬ್ಬರು ಕನ್ನಡ ಸಾಲಿ ಮಾಸ್ತರರು, ಒಂಬತ್ತನೆಯವನು ನಾನು, ಶಿವಪುತ್ರ. ಸೀರೆಯ ಸೆರಗಿನ ಡಿಸೈನು ಮಗ್ಗಕ್ಕೆ ತಿಳಿಯುವ ಹಾಗೆ ರಟ್ಟಿಗೆ ತೂತು ಹೊಡೆದು ಕೊಡುವುದು ನನ್ನ ಕಸುಬು. ಹದಿನೈದು ದಿನಕ್ಕೊಂದು ಪುಸ್ತಕ ಓದುತ್ತಿದ್ದೆವು, ಅದರ ಮೇಲೆ ಗಂಟಲು ಹರಿಯುವ ಹಾಗೆ ವಾದ ಮಾಡುತ್ತಿದ್ದೆವು. ಓದಿದ್ದು ಎದೆಯಲ್ಲಿ ಕುದಿಯತೊಡಗಿದ ಮೇಲೆ ಬೀದಿ ನಾಟಕಕ್ಕೆ ಇಳಿದೆವು. ಅದಾಗಲೇ ಎರಡು ನಾಟಕ ಆಡಿದ್ದೆವು. ಒಂದು ಸಾರಾಯಿ ಅಂಗಡಿಯ ಮೇಲೆ, ಇನ್ನೊಂದು ಮೈಮೇಲೆ ದೇವರು ಬರಿಸಿಕೊಳ್ಳುವವರ ಮೇಲೆ. ಎರಡನೆಯದನ್ನು ಬರೆದವನು ನಾನು. ನಮ್ಮದು ಬೀರಪ್ಪನ ಪೂಜಾರಿಕೆಯ ಮನೆತನ; ಹೊಳೆ ದಾರಿಯ ಬೀರೇಶ್ವರನ ಗುಡಿಯಲ್ಲಿ ನಮ್ಮಜ್ಜ ಮೂವತ್ತು ವರ್ಷ ಪೂಜೆ ಮಾಡಿದವನು. ಅಂಥ ಮನೆಯ ಹುಡುಗ ಅಂಥ ನಾಟಕ ಬರೆದನೆಂದು ಜಮಖಂಡಿಯ ತನಕ ನನ್ನ ಹೆಸರು ಹೋಗಿತ್ತು. ಅದು ನನಗೆ ಹಿಡಿಸಿತ್ತು.

ತಾಲೀಮು ನಡೆಯುತ್ತಿದ್ದುದು ಮುರಗೆಪ್ಪನವರ ನೂಲಿನ ಗೋದಾಮಿನಲ್ಲಿ. ಮುರಗೆಪ್ಪನವರಿಗೆ ನಲವತ್ತು ಮಗ್ಗದ ಶೆಡ್ಡು. ಪುಸ್ತಕ ಓದುವ ಮಾಲಕ ಅವರೊಬ್ಬರೇ ಇದ್ದದ್ದು. ಗೋದಾಮಿನ ಒಂದು ಮೂಲೆ ಖಾಲಿ ಮಾಡಿಸಿ, ಬಳಗದ ಪುಸ್ತಕ ಇಡಲು ಗಾಜಿನ ಕಪಾಟು ಕೊಡಿಸಿದ್ದರು. ಹಗಲು ಮೂರು ತಾಸು ಕರೆಂಟ್ ತೆಗೆಯುತ್ತಿದ್ದ ಕಾಲ ಅದು. ಮಗ್ಗ ನಿಂತ ಕೂಡಲೇ ನಮ್ಮ ಆರು ಮಂದಿ ಕೈ ಒರೆಸಿಕೊಳ್ಳುತ್ತ ಗೋದಾಮಿಗೆ ಓಡಿ ಬರುತ್ತಿದ್ದರು. ಮಾಸ್ತರರು ಸಾಲಿಯ ಊಟದ ಬಿಡುವಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದರು. ಕರೆಂಟ್ ಬಂತೆಂದರೆ ಮಾತು ಅರ್ಧಕ್ಕೆ ನಿಲ್ಲಿಸಿ ಎಲ್ಲರೂ ಓಟ. ಅಷ್ಟು ಹೊತ್ತಿನಲ್ಲಿ ಒಂದು ನಾಟಕ ತಯಾರಾಗಲು ಎರಡು ತಿಂಗಳು ಬೇಕು. ಎರಡನ್ನು ಜೊತೆಗೆ ಮಾಡುವ ಮಾತೇ ಇರಲಿಲ್ಲ.

ಒಂದು ನಾಟಕದ ಹೆಸರು ‘ಮುಳುಗಡೆ’. ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಊರುಗಳನ್ನು ನುಂಗಿದ್ದರ ಮೇಲೆ ಎರಡು ವರ್ಷ ತಿರುಗಾಡಿ ಬರೆದದ್ದು. ನಲವತ್ತು ನಿಮಿಷ, ಹಾಡು ಸಮೇತ ಮುಗಿದಿತ್ತು. ಧಾರವಾಡದಲ್ಲಿ ಬೀದಿ ನಾಟಕಗಳ ಮೇಳ ಕಾರ್ತಿಕದಲ್ಲಿ ಇತ್ತು, ಅಲ್ಲಿಗೆ ಇದನ್ನು ತರಲು ಕೇಳಿದ್ದರು.

ಇನ್ನೊಂದು ‘ಕಂಡಿಕಿ’. ಹದಿನಾರು ಪುಟ ಆಗಿತ್ತು, ಇನ್ನೂ ಹತ್ತು ಬೇಕಿತ್ತು. ಅದನ್ನು ನನಗೆ ಕೊಟ್ಟವಳು ಹೊಳೆವ್ವ.

ಹೊಳೆವ್ವ ಅನಗವಾಡಿ ಕಡೆಯ ಒಂದು ಮುಳುಗಡೆ ಊರಿನವಳು. ಐವತ್ತರ ಮೇಲೆ ವಯಸ್ಸು. ಊರು ನೀರಿಗೆ ಹೋದ ಮೇಲೆ ರಬಕವಿಯ ತಂಗಿಯ ಮನೆ ಸೇರಿ, ಮುರಗೆಪ್ಪನವರ ಶೆಡ್ಡಿನಲ್ಲಿ ಕಂಡಿಕಿ ಸುತ್ತಲು ನಿಂತಿದ್ದಳು. ಮಗ್ಗದ ಲಾಳಿಯೊಳಗೆ ಕೂಡಿಸುವ ನೂಲಿನ ಉರುಳೆಯೇ ಕಂಡಿಕಿ. ಅದಿಲ್ಲದೆ ನಲವತ್ತು ಮಗ್ಗಗಳಲ್ಲಿ ಒಂದೂ ಅಲುಗುವುದಿಲ್ಲ. ರಾಟಿ ತಿರುವುತ್ತ ಅವನ್ನು ಸುತ್ತುವವರು ಹನ್ನೆರಡು ಹೆಣ್ಣುಮಕ್ಕಳು. ‘ಮುಳುಗಡೆ’ ಬರೆಯುವಾಗ ಅವಳ ಊರಿನ ಕಥೆ ಕೇಳಲು ಹೋಗಿದ್ದೆ. ಹತ್ತು ಮಾತಿನಲ್ಲಿ ಮುಗಿಸಿಬಿಟ್ಟಳು.

“ಹೊಳಿ ಬಂತು, ನಾವು ಹೋದ್ವಿ. ಅದು ಮುಗದ ಹೋತು ಬಿಡ್ರಿ ಪೂಜಾರಿ. ಈಗಿಂದ ಕೇಳ್ರಿ.”

“ನಾ ಪೂಜಾರಿ ಅಲ್ಲವ್ವ.”

“ಆತು, ಅಲ್ಲ. ಕೇಳ್ರಿ ಮತ್ತ.”

ಈಗಿನದು ಇಷ್ಟು. ಮಾಲಕರಿಗೂ ನೇಕಾರರಿಗೂ ಮೂರು ವರ್ಷಕ್ಕೊಮ್ಮೆ ಕರಾರು ಆಗುತ್ತದೆ. ಮಗ್ಗದವರ ಮಜೂರಿ, ರಜೆ, ಬೋನಸ್ಸು ಎಲ್ಲ ಅದರಲ್ಲಿ ಬರುತ್ತದೆ. ಕಂಡಿಕಿಯವರ ಹೆಸರು ಮಾತ್ರ ಇಲ್ಲ. ಅವರು ಕೆಲಸಗಾರರಲ್ಲ, ‘ಹೆಲ್ಪರ್’. ಶೆಡ್ಡಿನ ಹಿಂದೆ ಒಂದು ಸಂಡಾಸ ಇದೆ, ಬಿಳಿ ಪರಸಿಕಲ್ಲು ಹಾಸಿದ್ದು. ಇಚಲಕರಂಜಿಯಿಂದ ನೂಲಿನ ವ್ಯಾಪಾರಿಗಳು ಬಂದಾಗ ತೆಗೆಯುವುದಕ್ಕೆ. ಉಳಿದ ದಿನ ಅದಕ್ಕೆ ಕೀಲಿ. ಗಂಡಸರು ಗೋಡೆ ಕಂಡಲ್ಲಿ ನಿಲ್ಲುತ್ತಾರೆ. ಹೆಂಗಸರು ಮುಂಜಾನೆ ಎಂಟರಿಂದ ಸಂಜೆ ಆರರ ತನಕ ತಡೆದುಕೊಳ್ಳಬೇಕು.

“ಮೂಲ್ಯಾಗ ಕೊಡ ಐತಿ ನೋಡ್ರಿ,” ಎಂದಿದ್ದಳು ಹೊಳೆವ್ವ. “ಹನ್ನೆರಡ ಮಂದಿ ಕುಡಿಯೂ ಕೊಡ. ಮುಂಜಾನಿ ತುಂಬಿಡತೀವಿ. ಸಂಜಿಮುಂದ ತುಂಬಿದ್ದ ತುಂಬಿದಾಂಗ ಚೆಲ್ಲಿ ಹೋಗತೀವಿ. ಇದನ್ನ ಹಾಕ್ರಿ ನಿಮ್ಮ ನಾಟಕದಾಗ.”

ಎರಡು ವರ್ಷ ಓದಿದ ಯಾವ ಪುಸ್ತಕದಲ್ಲೂ ಆ ಕೊಡದಂಥ ಮಾತು ನನಗೆ ಸಿಕ್ಕಿರಲಿಲ್ಲ.

ಆ ವರ್ಷದ ಕರಾರು ಕೂಡ ಕಾರ್ತಿಕದಲ್ಲೇ ಇತ್ತು. ಹೊಳೆವ್ವನ ಲೆಕ್ಕ ಸರಳ: ಕರಾರಿಗೆ ಮುಂಚೆ ನಾವು ರಬಕವಿ-ಬನಹಟ್ಟಿಯ ಓಣಿಗಳಲ್ಲಿ ‘ಕಂಡಿಕಿ’ ಆಡಬೇಕು, ಮಾತುಕತೆ ನಡೆಯುವ ದಿನ ಹನ್ನೆರಡು ಮಂದಿಯೂ, ಜೊತೆಗೆ ಬರುವ ಬೇರೆ ಶೆಡ್ಡಿನವರೂ, ನಾಟಕದ ಹಿಂದೆಯೇ ನಡೆದು ಹೋಗಿ ಅಲ್ಲಿ ಕೂಡಬೇಕು. ಮೊದಲು ಆಡಿದರೆ ಅವರ ಹೆಸರು ಕರಾರಿಗೆ ಬರಬಹುದು. ಆಮೇಲೆ ಆಡಿದರೆ ಮೂರು ವರ್ಷ ಕಾಯಬೇಕು.

ಬಳಗದಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವನು ಲಗಮಪ್ಪ. ಮುರಗೆಪ್ಪನವರ ಶೆಡ್ಡಿನಲ್ಲೇ ಮಗ್ಗ ನಡೆಸುವವನು, ನಮ್ಮ ಡೊಳ್ಳಿನವನು, ಕರಾರಿನ ಮಾತುಕತೆಗೆ ನೇಕಾರರ ಕಡೆಯಿಂದ ಕೂಡುವ ಐವರಲ್ಲಿ ಒಬ್ಬ.

“ಮುಳುಗಡಿ ಊರ ಈಗಾಗಲೇ ನೀರಾಗ ಅದಾವ. ಮುಂದಿನ ವರ್ಷ ಆಡಿದ್ರ ತೇಲಿ ಹೋಗೂದಿಲ್ಲ,” ಎಂದ.

“ಧಾರವಾಡದಾಗ ನಾಕ ಜಿಲ್ಲಾದ ಮಂದಿ ನೋಡತಾರ,” ಎಂದರು ಮಾಸ್ತರರಲ್ಲೊಬ್ಬರು. “ವಿಷಯ ದೊಡ್ಡದೈತಿ.”

“ವಿಷಯ ದೊಡ್ಡದು. ಸಂಡಾಸ ಸಣ್ಣದು. ಆತು,” ಎಂದ ಲಗಮಪ್ಪ.

ಬಳಗದ ಸಂಚಾಲಕ ನಾನು. ಸಂಚಾಲಕನಾದವನು ಎಲ್ಲರ ಮಾತು ಕೇಳಬೇಕು ಎಂಬ ಮುಖ ಹಾಕಿಕೊಂಡು ಕೂತೆ. ಒಳಗೆ ನಡೆಯುತ್ತಿದ್ದುದು ಬೇರೆ. ಮುರಗೆಪ್ಪನವರ ಗೋದಾಮಿನಲ್ಲಿ ಕೂತು, ಅವರು ಕೊಡಿಸಿದ ಕಪಾಟಿಗೆ ಬೆನ್ನು ಕೊಟ್ಟು, ಅವರ ಸಂಡಾಸದ ಮೇಲೆ ನಾಟಕ ಕಟ್ಟುವುದು ಹೇಗೆ? ಮರುದಿನವೇ ಗೋದಾಮು ಖಾಲಿ ಮಾಡಬೇಕಾಗುತ್ತದೆ. ನನ್ನ ರಟ್ಟಿನ ಕೆಲಸದಲ್ಲಿ ಅರ್ಧ ಅವರದೇ. ಮತ್ತೆ ಧಾರವಾಡ. ಅಲ್ಲಿಯ ಜನರ ಬಾಯಲ್ಲಿ ನನ್ನ ಹೆಸರು ಹೇಗೆ ಕೇಳಿಸುತ್ತದೆ ಎಂದು ನಾನು ಹಲವು ಸಲ ನನ್ನಷ್ಟಕ್ಕೇ ಅಂದು ನೋಡಿಕೊಂಡಿದ್ದೆ.

ಮೂರನೆಯ ವಾರ ಕೈ ಎತ್ತಿಸಿದೆವು. ನಾಲ್ಕು ಆ ಕಡೆ, ನಾಲ್ಕು ಈ ಕಡೆ. ಉಳಿದದ್ದು ನನ್ನ ಕೈ.

“ಎತ್ತಲೇ ಶಿವ್ಯಾ,” ಎಂದ ಲಗಮಪ್ಪ.

“ನನ್ನ ಒಂದ ಕೈಮ್ಯಾಲೆ ಬಳಗ ಎರಡ ಪಾಲ ಆಗಬಾರದು. ಎಲ್ಲಾರೂ ಒಪ್ಪೂ ಹಂಗ ಆಗಬೇಕು.”

“ಒಪ್ಪಿದ್ರ ಮೂರ ವಾರ ಯಾಕ ಬೇಕಿತ್ತು?”

ಹೊಳೆವ್ವ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ಊಟದ ಬಿಡುವಿನಲ್ಲಿ ಅವಳೂ ಬರುತ್ತಿದ್ದಳು. ಒಳಗೆ ಬಂದು ಕುಂಡ್ರು ಎಂದರೆ ನೂಲಿನ ಧೂಳು ಸಾಕು ನನಗ ಎನ್ನುತ್ತಿದ್ದಳು. ಅಲ್ಲಿಂದಲೇ ಅಂದಳು:

“ನಿಮ್ಮ ಎಣಿಕಿ ನಾಕ ನಾಕ ಆತು. ಇನ್ನೊಬ್ಬ ಹಿರ್ಯಾನ್ನ ಕೇಳ್ರಿ. ಬೀರಪ್ಪಗ ಹೂ ಹಚ್ಚರಿ.”

ದೇವರ ಕಲ್ಲಿಗೆ ಎರಡು ಹೂ ಅಂಟಿಸಿ, ಮೊದಲು ಬಿದ್ದದ್ದನ್ನು ಅವನ ಮಾತೆಂದು ಹಿಡಿಯುವ ಪದ್ಧತಿ ಅದು. ಮಾಸ್ತರರು ನಕ್ಕರು. ನಾನೂ ನಕ್ಕೆ. ದೇವರ ಮೇಲೆ ನಾಟಕ ಆಡಿದವರು ಹೂ ಕೇಳುವುದೇ ಎಂದು ಒಬ್ಬ, ಜನರ ನಂಬಿಕೆಗೂ ಒಂದು ಮತ ಕೊಡೋಣ ಎಂದು ಇನ್ನೊಬ್ಬ. ಲಗಮಪ್ಪ ತಲೆ ಕೆರೆದುಕೊಂಡು, “ಯಾವುದರ ಒಂದ ಆಗಲಿ ಮಾರಾಯಾ, ದಿನಾ ಹೊಂಟಾವ,” ಎಂದ. ಅವನು ಒಪ್ಪಿದ್ದು ಎಲ್ಲರಿಗೂ ಅಚ್ಚರಿ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೇಡ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಆಗಲಿ,” ಎಂದೆ. “ತಮಾಷೆ ಅಂತಾದ್ರೂ ನೋಡೂಣು.”

ಆ ಸರತಿ ಗುಡಿಯ ಪೂಜೆಯ ಪಾಳಿ ನಮ್ಮ ದೊಡ್ಡಪ್ಪನ ಮಗ ಗಿರಿಮಲ್ಲಪ್ಪನದು. ಅವನು ಅಂದು ಕುರಿ ಸಂತೆಗೆಂದು ಮುಧೋಳಕ್ಕೆ ಹೋಗಿದ್ದಾನೆಂದು ನನಗೆ ಗೊತ್ತಿತ್ತು. ಅವನಿಲ್ಲದಾಗ ಹೂ ಹಚ್ಚಬೇಕಾದವನು ನಮ್ಮ ಮನೆತನದವನೇ. ಅಲ್ಲಿದ್ದವರಲ್ಲಿ ಆ ಮನೆತನದವನು ನಾನೊಬ್ಬನೇ. ಇದೆಲ್ಲ ‘ಆಗಲಿ’ ಎನ್ನುವುದಕ್ಕೆ ಮುಂಚೆಯೇ ನನ್ನ ತಲೆಯಲ್ಲಿ ಬಂದು ಹೋಗಿತ್ತು. ಬರಲಿಲ್ಲ ಎಂದು ಹೇಳಿಕೊಳ್ಳಲು ಬಹಳ ದಿನ ನೋಡಿದೆ. ಆಗಲಿಲ್ಲ.

ಅಂದು ಸಂಜೆ, ಹತ್ತು ವರ್ಷದ ಮೇಲೆ, ಆ ಗುಡಿಯೊಳಗೆ ಕಾಲಿಟ್ಟೆ. ಬಾವಿಯ ನೀರು ಸುರುವಿಕೊಂಡು ಒದ್ದೆ ಧೋತರದಲ್ಲಿ ಒಳಗೆ ಹೋದೆ; ಉಳಿದವರು ಹೊಸ್ತಿಲಾಚೆ. ಬಲಕ್ಕೆ ಹೊಳಿ, ಅಂದರೆ ‘ಮುಳುಗಡೆ’, ಎಡಕ್ಕೆ ಕಂಡಿಕಿ, ಯಾವ ಹೂ ಮೊದಲು ಬೀಳುತ್ತದೋ ಆ ನಾಟಕ ಮೊದಲು ಎಂದು ಗಟ್ಟಿಯಾಗಿ ಹೇಳಿದೆ.

ಹೂ ಹಚ್ಚುವುದನ್ನು ನನಗೆ ಅಜ್ಜ ಕಲಿಸಿದ್ದ. ಕಣಗಿಲ ಹೂವಿಗೆ ತೊಟ್ಟು ಇದ್ದರೆ ಭಾರಕ್ಕೆ ಬೇಗ ಜಾರುತ್ತದೆ. ತೊಟ್ಟು ಚಿವುಟಿ, ಎಸಳು ತೋಯಿಸಿ, ಹೆಬ್ಬೆರಳಿಂದ ಒತ್ತಿದರೆ ಸಂಜೆಯ ತನಕ ಕಲ್ಲಿಗೆ ಅಂಟಿಕೊಂಡಿರುತ್ತದೆ. ಅದಕ್ಕೇ ಎರಡೂ ಹೂವಿನ ತೊಟ್ಟು ಚಿವುಟಬೇಕು, ಎರಡರ ನೀರೂ ಝಾಡಿಸಬೇಕು, ಒತ್ತದೆ ಬರೀ ತಾಗಿಸಬೇಕು. ಕೇಳುವವರ ಎದುರಿಗೆ ನಮ್ಮ ಕೈ ಹಗುರ ಇರಬೇಕು ಎನ್ನುತ್ತಿದ್ದ. ಅಜ್ಜ ಕಲಿಸಿದ್ದು ಮೋಸ ಆಗದ ಹಾಗೆ ಹಚ್ಚುವುದನ್ನು. ನಾನು ಅದನ್ನೇ ತಿರುವಿ ಹಾಕಿದೆ. ಬಲಕ್ಕೆ ತೊಟ್ಟು ಇದ್ದ ಹೂ, ಹನಿ ನೀರಿನಲ್ಲಿ ಬರೀ ತಾಗಿಸಿದ್ದು. ಎಡಕ್ಕೆ ತೊಟ್ಟಿಲ್ಲದ್ದು, ತೋಯಿಸಿ ಒತ್ತಿದ್ದು. ನನ್ನ ಬೆನ್ನು ಹೊರಗಿನವರಿಗೆ ಅಡ್ಡ ಇತ್ತು.

ನಾನು ತಿರುಗಿ ನಾಲ್ಕು ಹೆಜ್ಜೆ ಇಡುವುದರೊಳಗೆ ಬಲಗಡೆಯದು ಬಿತ್ತು.

ಬಳಗದವರು ಹೋ ಎಂದು ನಕ್ಕರು. ಲಗಮಪ್ಪ, “ದೇವರೂ ಧಾರವಾಡಕ್ಕ ಹೊಂಟಾನಲೇ,” ಎಂದ. ಹೊಳೆವ್ವ ನಗಲಿಲ್ಲ. ಹೊಸ್ತಿಲಿಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದಳು. ಎದ್ದಾಗ ಹಣೆಗೆ ಮಣ್ಣು ಹತ್ತಿತ್ತು.

“ಆತು,” ಎಂದಳು. “ಮೊದಲ ಹೊಳಿ. ಆಮ್ಯಾಲೆ ಕಂಡಿಕಿ. ಅಂವಾ ಹೇಳಿದ ಮ್ಯಾಲೆ ಮುಗೀತು.”

‘ಮುಳುಗಡೆ’ಗೆ ಅವಳು ಮುಂಚೆ ಕೊಡದಿದ್ದ ಮಾತುಗಳನ್ನೆಲ್ಲ ಆಮೇಲೆ ಕೊಟ್ಟಳು. ದೇವರು ಹೇಳಿದ ಕೆಲಸವೆಂದು. ನೀರು ಹೊಲದ ಬದುವಿಗೆ ಬಂದ ದಿನ ಹಾವುಗಳು ಊರ ಕಡೆ ಬಂದದ್ದು, ಅವನ್ನು ಯಾರೂ ಹೊಡೆಯದೆ ದಾರಿ ಬಿಟ್ಟದ್ದು. ನಮ್ಮ ನಾಟಕದಲ್ಲಿ ಜನ ಉಸಿರು ಹಿಡಿದು ನೋಡುತ್ತಿದ್ದ ದೃಶ್ಯ ಅದೇ. ಬರೆದವರು ಶಿವಪುತ್ರ ಎಂದು ಕೊನೆಗೆ ಹೇಳುತ್ತಿದ್ದೆವು.

ಮೊದಲ ಪ್ರದರ್ಶನ ಬೀಳಗಿ ಹತ್ತಿರದ ಒಂದು ಪುನರ್ವಸತಿ ಊರಿನಲ್ಲಿ. ನಾಟಕ ಮುಗಿದಾಗ ನಾವೆಲ್ಲ ಖರೆಖರೆ ಅಳುತ್ತಿದ್ದೆವು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ ಬೀಡಿ ಆರಿಸಿ ನನ್ನನ್ನು ಕರೆದ.

“ಛಲೋ ಅಳತೀರಿ,” ಎಂದ. “ನಿಮಗೂ ಪರಿಹಾರ ಬಂದೈತೇನು?”

ಸುತ್ತಲಿದ್ದವರು ನಕ್ಕರು. ಅದನ್ನು ನಾನು ಬಳಗದಲ್ಲಿ ಚೇಷ್ಟೆಯ ಮಾತಾಗಿ ಹೇಳಿ ಎಲ್ಲರನ್ನೂ ನಗಿಸಿದೆ.

ಧಾರವಾಡದಲ್ಲಿ ಎರಡನೆಯ ಬಹುಮಾನ ಬಂತು. ಪೇಪರಿನಲ್ಲಿ ಫೋಟೋ ಬಂತು. ಮುರಗೆಪ್ಪನವರು ಗೋದಾಮಿನಲ್ಲೇ ನಮಗೆ ಸತ್ಕಾರ ಇಟ್ಟರು. ಶಾಲು ಹೊದಿಸುವಾಗ ನನ್ನ ಹೆಗಲ ಮೇಲೆ ಕೈ ಇಟ್ಟು, “ಹಿಂಗ ದೊಡ್ಡ ವಿಷಯ ತಗೋಬೇಕ ನೋಡೋ ಶಿವಪುತ್ರಾ. ಸಣ್ಣ ಸಣ್ಣ ತಂಟೆ ತಗದು ಊರಾಗ ಮನಸ ಕೆಡಿಸೂದು ಸುಲಭ,” ಎಂದರು. ಅವರಿಗೆ ‘ಕಂಡಿಕಿ’ಯ ಸುದ್ದಿ ಯಾರೋ ಮುಟ್ಟಿಸಿದ್ದರು. ನಾನು ತಲೆ ತಗ್ಗಿಸಿ ಶಾಲು ಸರಿಮಾಡಿಕೊಂಡೆ. ಬಾಗಿಲಲ್ಲಿ ಹನ್ನೆರಡು ಜನ ಹೆಂಗಸರು ಪೇಢೆ ತಗೊಳ್ಳಲು ಸಾಲಾಗಿ ನಿಂತಿದ್ದರು.

ನಾವು ಧಾರವಾಡದಲ್ಲಿದ್ದ ಆ ದಿನಗಳಲ್ಲೇ ಬನಹಟ್ಟಿಯಲ್ಲಿ ಕರಾರು ಆಯಿತು. ಮಾತುಕತೆಗೆ ಕೂಡಬೇಕೆಂದು ಲಗಮಪ್ಪ ಧಾರವಾಡಕ್ಕೆ ಬರದೆ ಉಳಿದಿದ್ದ. ಸತ್ಕಾರದ ಮರುದಿನ ಅವನು ನಾನು ರಟ್ಟು ಹೊಡೆಯುವ ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತ.

“ಕಂಡಿಕಿಯವರ ಹೆಸರ ಬರಲಿಲ್ಲ.”

“ಗೊತ್ತಾತು.”

“ನಾಟಕ ಇಲ್ಲಂದ್ರೂ ಅವರು ಬರತಾರ ಅಂತ ತಿಳಕೊಂಡಿದ್ದೆ. ಬರತೀವಿ ಅಂತನೂ ಅಂದಿದ್ರು. ಹೊರಗ ಐವತ್ತ ಹೆಂಗಸರು ಕುಂತಿದ್ರ ಒಳಗ ನನ್ನ ಮಾತಿಗಿ ತೂಕ ಬರತಿತ್ತು. ಒಬ್ಬಾಕಿನೂ ಬರಲಿಲ್ಲ. ಮಾಲಕರು, ಅವರಿಗೇ ಬ್ಯಾಡಾದದ್ದು ನಿನಗ್ಯಾಕೋ ಅಂದ್ರು.”

“ಯಾಕ ಬರಲಿಲ್ಲಂತ?”

“ಹೊಳೆವ್ವ ತಡದಾಳ. ದೇವರು ಹೊಳಿ ಮೊದಲ ಅಂದಾನ, ನಮ್ಮದು ಆಮ್ಯಾಲೆ ಅಂದಾನ, ಮೀರಿ ಹೋಗಬ್ಯಾಡ್ರಿ ಅಂತ ಓಣಿ ಓಣಿ ತಿರಗಿ ಹೇಳಿ ಬಂದಾಳ. ಎಲ್ಲಾ ಆ ಒಂದ ಹೂವಿನ ಮ್ಯಾಲೆ.” ಅವನು ನಕ್ಕ. “ನಾನೂ ಒಪ್ಪಿದ್ದೆನಲ್ಲ, ಯಾರನ್ನ ಬೈಲಿ.”

ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಅವನು ಹೋಗುವ ತನಕ ಒಂದೂ ತೂತು ಹೊಡೆಯಲಿಲ್ಲ. ಹೋದ ಮೇಲೆ ಹೊಡೆದದ್ದೆಲ್ಲ ತಪ್ಪಿತು.

ನಾಟಕ ಯಾವುದು ಮೊದಲು ಎಂಬುದರಲ್ಲಿ ಮಾತ್ರ ಮೋಸ ಮಾಡಿದ್ದೇನೆ ಅಂದುಕೊಂಡಿದ್ದೆ. ನಾಟಕವಿಲ್ಲದೆಯೂ ಅವರು ನಡೆದು ಹೋಗಬಲ್ಲವರು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾವು ಡೊಳ್ಳು ಬಾರಿಸಿದರೆ ಮಾತ್ರ ಜನ ಏಳುತ್ತಾರೆಂದು ನಂಬಿದವನು ನಾನು. ಅವರ ಕಾಲಿಗೆ ಹಗ್ಗ ಹಾಕಿದವನೂ ನಾನೇ ಆದೆ. ಅದೂ ನಾನು ಇಲ್ಲವೆಂದು ಸಾರಿಕೊಂಡು ತಿರುಗಿದ ದೇವರ ಹೆಸರಿನಲ್ಲಿ.

ಹೇಳಬೇಕು ಎಂದು ಅವತ್ತೇ ಅನಿಸಿತು. ಹೇಳಲಿಲ್ಲ. ಮಾರ್ಗಶಿರ ಹೋಯಿತು, ಪುಷ್ಯ ಹೋಯಿತು. ‘ಮುಳುಗಡೆ’ಯನ್ನು ಲೋಕಾಪುರದಲ್ಲಿ, ಮುಧೋಳದಲ್ಲಿ, ಜಮಖಂಡಿಯಲ್ಲಿ ಆಡಿದೆವು. ಹೊಳೆವ್ವ ಎದುರು ಬಂದರೆ ನಾನು ಓಣಿ ಬದಲಿಸುತ್ತಿದ್ದೆ. ಶಿವರಾತ್ರಿ ಮುಗಿದ ವಾರ ಅವಳೇ ನನ್ನ ಕೋಣೆಗೆ ಬಂದಳು.

“ಹೊಳಿ ಮುಗೀತಲ್ರಿ ಪೂಜಾರಿ. ಇನ್ನ ನಮ್ಮ ಪಾಳಿ. ಯಾವಾಗ ಹಿಡೀತೀರಿ?”

“ಕರಾರು ಆಗಿ ಹೋತಲ್ಲವ್ವ.”

“ಹೋಗಲಿ. ಮುಂದಿಂದಕ್ಕರ ಆಗತೈತಿ. ಆಮ್ಯಾಲೆ ಅಂತ ಹೇಳ್ಯಾನ, ಇಲ್ಲ ಅಂತ ಹೇಳಿಲ್ಲಲಾ.” ಅಷ್ಟು ಹೇಳಿ ಸೆರಗಿನ ತುದಿಯಿಂದ ಒಣಗಿದ ತುಟಿ ಒರೆಸಿಕೊಂಡಳು. “ಹಂಗಂತ ನಾ ಐದ ಅಮಾಸಿ ಉಪಾಸ ಇದ್ದೇನಿ. ಊರ ಬಿಡೂ ಮುಂದ ಬೀರಪ್ಪಗ ಕಾಯಿ ಒಡೀಲಾರದ ಬಂದಿದ್ದೆ. ಗಡಬಡ್ಯಾಗ ಮರತಿತ್ತು. ಅದಕ್ಕ ಸಿಟ್ಟಾಗಿ ನಮ್ಮನ್ನ ಹಿಂದ ಹಾಕ್ಯಾನ. ನನ್ನ ಸಲುವಾಗಿ ಆ ಹನ್ನೊಂದ ಹೆಣ್ಣಮಕ್ಕಳಿಗಿ ಅನ್ಯಾಯ ಆತಲ್ರಿ.”

ಅವಳು ಹೋದಳು. ಅರ್ಧ ತಾಸಿನ ಮೇಲೆ ಕರೆಂಟ್ ಹೋಯಿತು. ನಾನು ಎದ್ದು ಶೆಡ್ಡಿನ ಹಿಂಬದಿಯ ಪಡಸಾಲೆಗೆ ಹೋದೆ. ಅಲ್ಲಿ ಹನ್ನೆರಡು ರಾಟಿಗಳಿದ್ದವು. ಮಗ್ಗ ನಿಂತರೂ ಕಂಡಿಕಿ ನಿಲ್ಲುವುದಿಲ್ಲ. ಅವು ಕೈಯಿಂದ ತಿರುಗುವ ರಾಟಿ. ಹೊಳೆವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತೆ.

“ಅವತ್ತ ಹೂ ಬಿದ್ದದ್ದಲ್ಲ ಹೊಳೆವ್ವ. ನಾ ಬೀಳಸಿದ್ದು.”

ರಾಟಿ ತಿರುಗುತ್ತಲೇ ಇತ್ತು. “ಅಂದ್ರ?”

ಹೇಳಿದೆ. ರಾಟಿ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

“ತೊಟ್ಟ ಯಾವುದಕ್ಕಿತ್ತು?” ಎಂದು ಕೇಳಿದಳು.

“ಬಲಗಡಿದಕ್ಕ.”

“ಎಡಗಡಿದು?”

“ಚಿವುಟಿದ್ದೆ. ತೋಯಿಸಿ ಒತ್ತಿದ್ದೆ.”

“ಎಷ್ಟೊತ್ತ ಇತ್ತದು?”

“ಮರುದಿನ ಗಿರಿಮಲ್ಲಪ್ಪ ಬಂದು ಕಿತ್ತ ತಗದನಂತ.”

ಅವಳು ಕೈಯಲ್ಲಿದ್ದ ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಹಂಗಾರ ಬೀರಪ್ಪ ನಮಗ ಬ್ಯಾಡ ಅಂದಿಲ್ಲ,” ಎಂದಳು ಮೆಲ್ಲಗೆ. ಅವಳ ಮುಖ ಸಡಿಲವಾಯಿತು. ಆರು ತಿಂಗಳಿಂದ ಹೊತ್ತ ಗಂಟನ್ನು ಯಾರೋ ಇಳಿಸಿಕೊಂಡ ಹಾಗೆ ಭುಜ ಇಳಿಯಿತು. ನನ್ನ ಎದುರಿಗೆ ಅವಳು ನಿರಾಳವಾಗಿ ಉಸಿರು ಬಿಟ್ಟಳು. ಆ ಉಸಿರು ಕೇಳುತ್ತ ಕೂಡುವುದಕ್ಕಿಂತ ಅವಳು ಕಾಲಲ್ಲಿದ್ದದ್ದು ಕೈಗೆ ತಗೊಂಡಿದ್ದರೆ ಚೆನ್ನಾಗಿತ್ತು.

“ಇದನ್ನ ಅವರ ಮುಂದ ಹೇಳು,” ಎಂದಳು. ಅದುವರೆಗೆ ನನ್ನನ್ನು ‘ರಿ’ ಹಚ್ಚದೆ ಮಾತಾಡಿಸಿದವಳಲ್ಲ. ತಿರುಗಿ ದನಿ ಎತ್ತಿದಳು: “ರಾಟಿ ನಿಲ್ಲಸ್ರಿ ಎಲ್ಲಾರೂ. ಇಂವಾ ಒಂದ ಮಾತ ಹೇಳತಾನಂತ.”

ಹನ್ನೊಂದು ಮುಖಗಳು ನನ್ನ ಕಡೆ ತಿರುಗಿದವು. ನೂರಾರು ಜನರೆದುರು ಓಣಿಯಲ್ಲಿ ನಿಂತು ಕೂಗಿದವನು ನಾನು. ಆ ಪಡಸಾಲೆಯಲ್ಲಿ ‘ಗಟ್ಟಿ ಹೇಳು’ ಎಂದು ಎರಡು ಸಲ ಅನ್ನಿಸಿಕೊಂಡೆ. ಹೇಳಿ ಮುಗಿಸಿದಾಗ ಮೊದಲು ಮಾತಾಡಿದವಳು ಭಾಗ್ಯಾ, ಅವರಲ್ಲೆಲ್ಲ ಚಿಕ್ಕವಳು.

“ದೇವರ ಇಲ್ಲ ಅಂತ ನಾಟಕ ಮಾಡಿದ್ರಲ್ರಿ,” ಎಂದಳು. “ಇಲ್ಲದಂವನ ಹೆಸರಿಲೆ ಮೋಸ ಮಾಡಾಕ ಬರತೈತೇನ್ರಿ?”

ಇಬ್ಬರು ನಕ್ಕರು. ಉಳಿದವರು ನಗಲಿಲ್ಲ.

“ಯಾಕ ಮಾಡಿದಿ?” ಎಂದಳು ಹೊಳೆವ್ವ.

“ಮುಳುಗಡೆಯ ಪ್ರಶ್ನೆ ಆಗ ಇಡೀ ಜಿಲ್ಲೆಯ...”

“ಸಣ್ಣ ಮಾತಿನಾಗ ಹೇಳು.”

ನಾನು ನೆಲ ನೋಡಿದೆ. ಅಲ್ಲಿ ಬಣ್ಣಬಣ್ಣದ ನೂಲಿನ ಎಳೆಗಳು ಬಿದ್ದಿದ್ದವು.

“ಮಾಲಕರ ಗೋದಾಮ ಹೋಗತೈತಿ ಅಂತ ಅಂಜಿದೆ. ಮತ್ತ ನನಗ ಧಾರವಾಡಕ್ಕ ಹೋಗಬೇಕಿತ್ತು.”

“ಆತು,” ಎಂದಳು. “ಈಗ ತಿಳೀತು.”

“ಈಗ ಹಿಡಿಯೂಣು ಹೊಳೆವ್ವ. ‘ಕಂಡಿಕಿ’ ನಾಳೆಯಿಂದನ ಶುರು ಮಾಡತೇನಿ. ನೀವು ಹೇಳಿದಾಂಗ ಬರೀತೇನಿ. ಗೋದಾಮ ಹೋದ್ರ ಹೋಗಲಿ, ಹೊಳಿ ದಂಡ್ಯಾಗ ತಾಲೀಮ ಮಾಡೂಣು.”

ಈ ಮಾತು ಹೇಳುವಾಗ ನನ್ನ ದನಿ ಮತ್ತೆ ಓಣಿಯ ದನಿಯಾಯಿತು. ನನಗೇ ಕೇಳಿಸಿತು. ಹೊಳೆವ್ವನಿಗೂ ಕೇಳಿಸಿರಬೇಕು.

“ನಿನ್ನ ನಾಟಕ ಇರಲಿ,” ಎಂದಳು. ಮೊಣಕಾಲಿಗೆ ಕೈ ಊರಿ ಎದ್ದಳು. “ಮೊದಲ ಸಂಡಾಸದ ಕೀಲಿಕೈ. ಕರಾರು ಮೂರ ವರ್ಷಕ್ಕೊಮ್ಮಿ ಬರತೈತಿ. ನೀರಡಿಕಿ ದಿನಾ ಬರತೈತಿ. ಏಳ್ರಿ ಎಲ್ಲಾರೂ.”

“ಈಗೇನ ಯವ್ವಾ?” ಎಂದಳು ಯಾರೋ ಒಬ್ಬಳು.

“ಮತ್ತ ಯಾವಾಗ? ಮಾಲಕ ಒಳಗ ಕುಂತಾನ, ಫ್ಯಾನ್ ಇಲ್ಲ, ಎಲ್ಲಿಗೂ ಓಡಿ ಹೋಗೂದಿಲ್ಲ.”

ಈ ಸಲ ಎಲ್ಲರೂ ನಕ್ಕರು. ಸೆರಗಿಗೆ ಸಿಕ್ಕ ನೂಲಿನ ಚೂರು ಝಾಡಿಸಿಕೊಂಡು ಒಬ್ಬೊಬ್ಬರೇ ಎದ್ದರು. ನಾನೂ ಎದ್ದೆ. ಹೊಳೆವ್ವ ಅಂಗೈ ಅಡ್ಡ ಮಾಡಿದಳು.

“ನೀ ಬರಬ್ಯಾಡ.”

“ನಾನೂ ಹೇಳತೇನವ್ವ. ನನ್ನ ತಪ್ಪ ಐತಿ.”

“ತಪ್ಪ ಐತಿ, ಅದಕ್ಕ ಬ್ಯಾಡ. ನೀ ಬಂದ್ರ ಅಂವಾ ನಿನ್ನ ಸಂಗಾಟ ಮಾತಾಡತಾನ, ನಮ್ಮ ಸಂಗಾಟ ಅಲ್ಲ. ನಿಮ್ಮಿಬ್ಬರದೂ ಪುಸ್ತಕದ ಮಾತ ಶುರು ಆಗತೈತಿ. ಇಲ್ಲೇ ಕುಂಡ್ರು. ಆಡ ಬಂದು ನೂಲಿಗಿ ಬಾಯಿ ಹಾಕತಾವ, ನೋಡಿಕೋ.”

ಅವರು ಅಂಗಳ ದಾಟಿ ಮುರಗೆಪ್ಪನವರು ಕೂಡುವ ಕೋಣೆಗೆ ಹೋದರು. ನಾನು ಹನ್ನೆರಡು ರಾಟಿಗಳ ನಡುವೆ ಕೂತೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮುರಗೆಪ್ಪನವರ ಸೌಮ್ಯ ದನಿ, ಅದರ ಮೇಲೆ ಹೊಳೆವ್ವನದು, ಅದರ ಮೇಲೆ ಭಾಗ್ಯಾಳದು. ಮತ್ತೆ ಮುರಗೆಪ್ಪನವರದು, ಈ ಸಲ ಸ್ವಲ್ಪ ಏರಿ. ನೀರು, ಸ್ವಚ್ಛತೆ, ವ್ಯಾಪಾರಿಗಳು ಎಂದು ತುಂಡು ತುಂಡಾಗಿ ಬರುತ್ತಿತ್ತು. ಅವರು ಹೇಗೆ ಮಾತಾಡುತ್ತಿರಬಹುದೆಂದು ನನಗೆ ಗೊತ್ತಿತ್ತು. ನಾನೂ ಅವರ ಕೈಯಲ್ಲಿ ಕಲಿತ ಮಾತುಗಳಲ್ಲೇ ಬಳಗದಲ್ಲಿ ಅರ್ಧ ವಾದ ಮಾಡುತ್ತಿದ್ದೆ.

ನಿಜವಾಗಿಯೂ ಒಂದು ಆಡು ಬಂತು. ಕರಿ ಆಡು, ಕುತ್ತಿಗೆಗೆ ಹರಿದ ಹಗ್ಗ. ಹಸಿರು ನೂಲಿನ ಲಡಿಗೆ ಮೂತಿ ಹಚ್ಚಿತು. ಹೊಯ್ ಎಂದು ಅಟ್ಟಿದೆ. ಬಾಗಿಲ ತನಕ ಹೋಗಿ ನಿಂತು ನನ್ನನ್ನೇ ನೋಡತೊಡಗಿತು.

“ಶಿವಪುತ್ರಾ,” ಎಂದು ಕೋಣೆಯಿಂದ ಮುರಗೆಪ್ಪನವರು ಕೂಗಿದರು. “ಅಲ್ಲೇ ಅದೀಯೇನೋ? ಬಾ ಇಲ್ಲೆ. ಇವರಿಗಿ ನೀನರ ತಿಳಿಸಿ ಹೇಳು.”

ರೂಢಿಯಿಂದ ನನ್ನ ಮೊಣಕಾಲುಗಳು ಎದ್ದುಬಿಟ್ಟವು. ಅರ್ಧ ಎದ್ದವನು ಹಾಗೇ ನಿಂತೆ. ಆ ಕರೆಯಲ್ಲಿ ಸಿಟ್ಟಿರಲಿಲ್ಲ. ನಮ್ಮವನೊಬ್ಬ ಹತ್ತಿರದಲ್ಲೇ ಇದ್ದಾನೆ ಎಂಬ ಭರವಸೆ ಇತ್ತು. ಶಾಲು ಹೊದಿಸಿದಾಗ ಹೆಗಲ ಮೇಲಿಟ್ಟ ಕೈಯದೇ ತೂಕ.

“ನಾ ಬರೂದಿಲ್ರಿ,” ಎಂದೆ. ದನಿ ಸಣ್ಣದಾಯಿತೆಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ. “ಇಲ್ಲೆ ಆಡ ಕಾಯಾಕತ್ತೇನ್ರಿ.”

ಆ ಕಡೆ ಯಾರೋ ಹೆಂಗಸು ತಡೆಯಲಾರದೆ ನಕ್ಕದ್ದು ಕೇಳಿಸಿತು. ಆಮೇಲೆ ಹೊಳೆವ್ವನ ದನಿ, ಅವಸರವಿಲ್ಲದೆ:

“ಅವನ್ನ ಬಿಡ್ರಿ ಮಾಲಕರ. ನಮ್ಮ ಸಂಗಾಟ ಮಾತಾಡ್ರಿ.”